ಕಾಶವ್ವನ ಮಾಳಿಗೆ

ನಮ್ಮೂರಿನಲ್ಲಿ ಯಾರ ಮೇಲಾದರೂ ಸಿಟ್ಟಾಗಿ ಮೊಬೈಲಿನಲ್ಲಿ ನಾಲ್ಕು ಮಾತು ಬರೆದು ಕಳಿಸಿದರೆ, ಅವರ ಮನೆಯ ಮಾಳಿಗೆಯ ಮೇಲೆ, ಕಚೇರಿ ಅಂಗಡಿಯ ಹೆಸರು ಹಿಡಿದು ಬರೆದರೆ ಅದರ ಮೇಲೆ, ಒಂದು ಬೊಗಸೆ ಒಣ ಮೆಣಸಿನಕಾಯಿ ಬೀಳುತ್ತದೆ. ಅದೇ ಮಾತನ್ನು ಇನ್ನೊಬ್ಬರು ಮುಂದಕ್ಕೆ ಕಳಿಸಿದರೆ ಇನ್ನೊಂದು ಬೊಗಸೆ. ಮೊದಲ ಸಲ ಬಿದ್ದಾಗ ಜನ ಅಂಗಳಕ್ಕೆ ಓಡಿಬಂದು ಆಕಾಶ ನೋಡಿದ್ದರಂತೆ. ಆಮೇಲೆ ಯಾರೂ ಮೇಲೆ ನೋಡಲಿಲ್ಲ, ಗುಡಿಸುವುದನ್ನು ಕಲಿತರು. ಪುರಸಭೆಯವರು ಕಚೇರಿಯ ತಾರಸಿಯಿಂದ ಕೆಳಗೆ ತಗಡಿನ ಜಾರುಬಂಡಿ ಮಾಡಿಸಿ ಅದರ ಬಾಯಿಗೆ ಟ್ರ್ಯಾಕ್ಟರ್ ನಿಲ್ಲಿಸಿದರು. ಕ್ರಿಕೆಟ್ ಪಂದ್ಯಕ್ಕೆ ಅಂಪೈರ್ ಆಗುವ ಗುರುಪಾದಪ್ಪ ತನ್ನ ಮನೆಗೆ ಇಳಿಜಾರು ಸೂರು ಹಾಕಿಸಿಕೊಂಡ. ಹೆಣ್ಣು ಕೊಡುವವರು ಹುಡುಗನ ಕೆಲಸ ಕೇಳುವ ಮೊದಲು ಒಂದು ನೆವ ಹೇಳಿ ಅವರ ಮಾಳಿಗೆ ಹತ್ತಿ ನೋಡಿ ಬರುತ್ತಿದ್ದರು.

ಬಿದ್ದ ಕಾಯಿ ಕೊನೆಗೆ ಬರುತ್ತಿದ್ದುದು ನಮ್ಮ ಗಿರಣಿಗೆ. ನಾನು ಇಂದುಮತಿ. ನಾನೂ ನನ್ನ ಗಂಡ ಮುರಿಗೆಪ್ಪನೂ ಬಸ್ ನಿಲ್ದಾಣದ ಹಿಂದೆ ಖಾರದ ಪುಡಿಯ ಗಿರಣಿ ನಡೆಸುತ್ತೇವೆ. ಚೀಲ ಹೊತ್ತು ತಂದವರನ್ನು ಯಾರ ಸಿಟ್ಟು, ಯಾಕೆ ಬಂತು ಎಂದು ಕೇಳುವುದು ನಮ್ಮೂರಲ್ಲಿ ಮರ್ಯಾದೆಯಲ್ಲ. ಬೀಸಿ ಕೊಡುತ್ತಿದ್ದೆವು.

ಆದರೆ ನಾನು ಬರೀ ಬೀಸುವವಳಾಗಿರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ. ಊರಿನವರೆಲ್ಲ ಸೇರಿಕೊಂಡಿದ್ದ ‘ನಮ್ಮೂರ ದನಿ’ ಎಂಬ ಗ್ರೂಪಿನಲ್ಲಿ ನನ್ನಷ್ಟು ಚೆನ್ನಾಗಿ ಸಿಟ್ಟು ಬರೆಯುವವರು ಇನ್ನೊಬ್ಬರಿರಲಿಲ್ಲ. ಶುರುವಾದದ್ದು ನೀರಿನಿಂದ. ಒಂದು ಬೇಸಿಗೆ ಒಂಬತ್ತು ದಿನ ನಲ್ಲಿ ಬರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಖಾಲಿ ಕೊಡವನ್ನು ಕಾಲಿನಿಂದ ಒದ್ದು, ನಾಲ್ಕು ಸಾಲು ಬರೆದು ಹಾಕಿದೆ. ಪುರಸಭೆಯ ತಾರಸಿಯ ಮೇಲೆ ಬಿದ್ದ ಆ ಕಾಯಿಗಳ ಘಾಟಿಗೆ ಗುಮಾಸ್ತರೆಲ್ಲ ಕೆಮ್ಮುತ್ತ, ಮೂಗಿಗೆ ಕರ್ಚೀಫು ಹಿಡಿದು ರಸ್ತೆಗೆ ಬಂದು ನಿಂತರು. ಮಧ್ಯಾಹ್ನಕ್ಕೆ ನೀರು ಬಂತು! ಸಂಜೆಯ ಹೊತ್ತಿಗೆ ನನ್ನ ಮಾತಿಗೆ ಆರುನೂರು ಜನ ಹೆಬ್ಬೆರಳು ಎತ್ತಿದ್ದರು. ಆರುನೂರು! ಮದುವೆಯಲ್ಲೂ ಅಷ್ಟು ಜನ ನನ್ನನ್ನು ನೋಡಿರಲಿಲ್ಲ.

ಆಮೇಲೆ ನನಗೆ ನಿಲ್ಲಿಸಲಾಗಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಗ್ರೂಪು ತೆಗೆದು ಇವತ್ತು ಯಾರ ಮೇಲೆ ಎಂದು ನೋಡುತ್ತಿದ್ದೆ. ಊರು ಹೆಮ್ಮೆಪಡುವ ಮಸಾಲೆ ಚುರುಮುರಿ ಗಿರ್ಮಿಟ್ಟು ಮಾರುತ್ತಲೇ ರಸ್ತೆಗೆ ನೀರು ಚೆಲ್ಲಿದ ಹೋಟೆಲಿನವನು, ಮದುವೆಯಲ್ಲಿ ಅನ್ನ ಮಿಕ್ಕಿಸಿದ ಬೀಗರು, ಗಣರಾಜ್ಯೋತ್ಸವದ ದಿನ ಆಕಳಿಸಿದ ಡ್ರಿಲ್ ಮಾಸ್ತರು, ಯಾರನ್ನೂ ಬಿಡಲಿಲ್ಲ. ನನ್ನ ಸಾಲು ಬಿದ್ದ ಕೂಡಲೇ ಊರು ಹಿಂದೆ ಬರುತ್ತಿತ್ತು. ಆ ಎರಡು ವರ್ಷಗಳಲ್ಲಿ ಗಿರಣಿಗೆ ಬರುವ ಕಾಯಿಯ ಬಣ್ಣ ಏರುತ್ತಾ ಹೋಯಿತು, ಖಾರ ಇಳಿಯುತ್ತಾ ಹೋಯಿತು. ನೋಡಿದರೆ ಕಣ್ಣು ಕುಕ್ಕುವ ಕೆಂಪು, ನಾಲಿಗೆಗೆ ಇಟ್ಟರೆ ಹೊಟ್ಟು. ಹವೆಯ ದೋಷ ಇರಬೇಕು ಅಂದುಕೊಂಡು ನಾನು ಸಂತೆಯಿಂದ ಖಾರದ ಕಾಯಿ ತರಿಸಿ ಬೆರೆಸುತ್ತಿದ್ದೆ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಗ್ರೂಪಿಗೆ ಹನ್ನೊಂದು ಸೆಕೆಂಡಿನ ವಿಡಿಯೊ ಬಂತು. ನಮ್ಮೂರ ಬಸ್ಸಿನ ಕಂಡಕ್ಟರ್ ಕಾಶವ್ವ, ತಲೆ ಬೆಳ್ಳಗಾದ ಒಬ್ಬ ಮುದುಕಿಯನ್ನು ಬನ್ನಿಗಿಡದ ಹತ್ತಿರ ಕೈಹಿಡಿದು ಕೆಳಗಿಳಿಸುತ್ತಿದ್ದಳು. ‘ಇಳಿ ಅಂದ್ರ ಇಳೀಬೇಕು’ ಎಂದು ಕೂಗುವುದು ಕೇಳುತ್ತಿತ್ತು. ಮುದುಕಿಯ ಬುಟ್ಟಿ ರಸ್ತೆಗೆ ಉರುಳಿತು. ಬಸ್ಸು ಹೊರಟಿತು. ಅಷ್ಟೇ.

ನನಗೆ ಮೈ ಜುಮ್ಮೆಂದಿತು. ಪುಡಿ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತೆ. ಎರಡು ಸಲ ಬರೆದು ಅಳಿಸಿದೆ, ಮೂರನೆಯ ಸಲಕ್ಕೆ ಹಿಡಿತಕ್ಕೆ ಸಿಕ್ಕಿತು: ‘ತಾಯಿಯ ವಯಸ್ಸಿನವಳನ್ನು ನಡುದಾರಿಯಲ್ಲಿ ಇಳಿಸುವ ಕೈಗೆ ಟಿಕೆಟ್ ಹರಿಯುವ ಅಧಿಕಾರ ಯಾಕೆ? ಇವತ್ತು ಸುಮ್ಮನಿದ್ದರೆ ನಾಳೆ ನಿಮ್ಮ ತಾಯಿ.’ ಕಳಿಸಿದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಮೊಬೈಲು ಹಲಗೆಯ ಮೇಲೆ ಕುಣಿಯತೊಡಗಿತು ನೋಡಿ! ನೂರು, ಇನ್ನೂರು, ಐನೂರು. ನಾನು ಎಂದೂ ಮುಖ ನೋಡದವರು ನನ್ನ ಸಾಲನ್ನೇ ತಮ್ಮದೆಂಬಂತೆ ಹಾಕಿಕೊಂಡರು. ಊಟಕ್ಕೆ ಕೂತಾಗ ಎರಡು ರೊಟ್ಟಿ ಜಾಸ್ತಿ ತಿಂದೆ.

ಮುರಿಗೆಪ್ಪ ನನ್ನನ್ನೇ ನೋಡುತ್ತಿದ್ದವನು ಕೇಳಿದ. “ಏನ್ ಇಂದೂ, ಇವತ್ತ್ ಭಾಳ ಖುಷಿ ಅದೀಯಲ್ಲ?”

“ಖುಷಿ ಎಲ್ಲೀದ್ರೀ? ಸಿಟ್ಟು ಬಂದೈತಿ ನನಗ. ಊರಿಗೆ ಊರ ಹತ್ತಿ ಉರಿಯಾಕತ್ತೈತಿ, ನೋಡ್ರಿಲ್ಲಿ.”

ಅವನು ನೋಡಲಿಲ್ಲ. ಬೆಲ್ಟಿನ ಗಾಲಿಗೆ ಎಣ್ಣೆ ಬಿಡಲು ಎದ್ದು ಹೋದ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಗ್ರೂಪಿನಲ್ಲಿ ಕಾಶವ್ವನ ಮನೆಯ ಫೋಟೊ ಹರಿದಾಡಿತು. ಮಾಳಿಗೆಯ ಮೇಲೆ ಕೆಂಪು ಗುಡ್ಡ! ಅಷ್ಟು ಎತ್ತರದ ರಾಶಿಯನ್ನು ಊರು ಕಂಡಿರಲಿಲ್ಲ. ‘ಇನ್ನೊಂದು ಮೊಳ ಏರಿಸೋಣ’ ಎಂದು ಯಾರೋ ಬರೆದರು. ನಾನು ನಾಲ್ಕು ಖಾಲಿ ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಹೊರಟೆ. ಗುಡಿಸಿ ತರಲು ಎಂದು ಗಂಡನಿಗೆ ಹೇಳಿದೆ. ನಿಜ ಹೇಳಬೇಕೆಂದರೆ ನನ್ನ ಕೈಕೆಲಸ ಎಷ್ಟೆತ್ತರ ಬೆಳೆದಿದೆ ಎಂದು ಕಣ್ಣಾರೆ ನೋಡುವ ಚಪಲ. ದಾರಿಯುದ್ದಕ್ಕೂ ಜನ ನನ್ನನ್ನು ಗುರುತಿಸಿ ಕೈ ಎತ್ತಿದರು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಕಾಶವ್ವನ ಮನೆ ಹಳೆಯ ಮಣ್ಣಿನ ಮಾಳಿಗೆಯದು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಸಕಡ್ಡಿ, ಅದರ ಮೇಲೆ ಮೊಳ ದಪ್ಪ ಮಣ್ಣು. ಬಾಗಿಲಿಗೆ ಹೋದಾಗ ಮೊದಲು ಕಂಡದ್ದು ರಾಶಿಯಲ್ಲ, ಕಾಶವ್ವನ ಗಂಡ ಈರಣ್ಣ. ಪಡಸಾಲೆಯಲ್ಲಿ ಕಬ್ಬಿಣದ ಮಂಚ, ಅದರ ಮೇಲೆ ಅವನು ಅಂಗಾತ ಮಲಗಿದ್ದ. ಸೊಂಟದಿಂದ ಪಾದದವರೆಗೆ ಪ್ಲಾಸ್ಟರು ಕಟ್ಟಿದ ಕಾಲನ್ನು ಹಗ್ಗದಿಂದ ತೊಲೆಗೆ ಎತ್ತಿ ಕಟ್ಟಿ, ಹಗ್ಗದ ಇನ್ನೊಂದು ತುದಿಗೆ ಭಾರಕ್ಕೆ ಎರಡು ಇಟ್ಟಿಗೆ ತೂಗುಬಿಟ್ಟಿದ್ದರು. ಮಾಳಿಗೆಯಿಂದ ಮಣ್ಣು ಉದುರಿ ಅವನ ಹುಬ್ಬಿನ ಮೇಲೆ, ಹೊದಿಕೆಯ ಮೇಲೆ ಬಿದ್ದಿತ್ತು. ಇಟ್ಟಿಗೆ ತಾನಾಗಿಯೇ ತೂಗಾಡುತ್ತಿತ್ತು.

“ಯಾರವಾ? ಕಾಶಿ ಮ್ಯಾಲ ಅದಾಳ ನೋಡು” ಅಂದ ಅವನು, ಕತ್ತು ತಿರುಗಿಸಲಾಗದೆ. “ಸ್ವಲ್ಪ ಕೈ ಹಚ್ಚು ತಾಯಿ. ತೊಲಿ ಮಾತಾಡಾಕತ್ತೈತಿ.”

ಕಿವಿಗೊಟ್ಟೆ. ಮೇಲೆ ಬೊಗಸೆ ಬೊಗಸೆಯಾಗಿ ಸುರಿಯುವ ಸರಸರ ಸದ್ದು. ಅದರ ಕೆಳಗೆ ತೊಲೆ ಕಿರ್ರೆನ್ನುವ ಸದ್ದು. “ನಿಮ್ಮನ್ನ ಹೊರಗ ತರೂಣಲ್ರೀ ಮೊದಲ” ಅಂದೆ. “ಮಂಚ ಬಾಗಲದಾಗ ಹಿಡಿಯೂದಿಲ್ಲ, ಒಳಗ ತಂದು ಜೋಡಿಸ್ಯಾರ. ಕಾಲ್ ಬಿಚ್ಚಿದ್ರ ಮತ್ತ ಮುರೀತೈತಿ ಅಂತ ಡಾಕ್ಟರ್ ಹೇಳ್ಯಾರ” ಅಂದ.

ಏಣಿ ಹತ್ತಿದೆ. ಕಾಶವ್ವ ಖಾಕಿ ಅಂಗಿಯಲ್ಲೇ ಇದ್ದಳು, ಕೆಲಸದಿಂದ ನೇರ ಬಂದವಳು. ಸಲಿಕೆಯಿಂದ ಕಾಯಿಗಳನ್ನು ಹಿತ್ತಲಿಗೆ ತಳ್ಳುತ್ತಿದ್ದಳು. ಒಂದು ಸಲಿಕೆ ತಳ್ಳಿದರೆ ಎರಡು ಸಲಿಕೆಯಷ್ಟು ಬೀಳುತ್ತಿತ್ತು. ಅವಳ ಆಚೆಗೆ ಒಬ್ಬ ಮುದುಕಿ, ಸೀರೆ ಎತ್ತಿ ಕಟ್ಟಿ, ಕಸಬರಿಗೆ ಹಿಡಿದು ಭರದಿಂದ ಗುಡಿಸುತ್ತಿದ್ದಳು. ನಾನು ಚೀಲ ಬಿಸಾಕಿ ಒಂದು ಮೊರ ಎತ್ತಿಕೊಂಡು ತುಂಬಿ ತುಂಬಿ ಚೆಲ್ಲತೊಡಗಿದೆ. ಮೊಣಕಾಲಿನವರೆಗೆ ಕಾಯಿ. ತಲೆಯ ಮೇಲೆ ಕಾಯಿ. ಮೂವರೂ ಆ ರಾಶಿಯ ಜೊತೆ ಹೊಡೆದಾಡಿದೆವು.

ಹತ್ತು ನಿಮಿಷವಾದ ಮೇಲೆ ನನಗೆ ಹೊಳೆಯಿತು, ಯಾರೂ ಸೀನುತ್ತಿಲ್ಲ. ಅಷ್ಟು ಮೆಣಸಿನಕಾಯಿಯ ನಡುವೆ ನಿಂತರೆ ಕಣ್ಣು ತೆರೆಯಲಾಗಬಾರದು, ಕೈ ಉರಿದು ಬೊಬ್ಬೆ ಬರಬೇಕು. ಒಂದು ಕಾಯಿ ಮುರಿದು ಬಾಯಿಗೆ ಹಾಕಿಕೊಂಡೆ, ಬೀಜದ ಸಮೇತ ಅಗಿದೆ. ಕಾಗದ ತಿಂದ ಹಾಗಿತ್ತು. ಇನ್ನೊಂದು. ಮತ್ತೊಂದು ಕಡೆಯದು. ರಾಶಿಯ ಆಳಕ್ಕೆ ಕೈ ಹಾಕಿ ನಿನ್ನೆಯದನ್ನೂ ತೆಗೆದು ಕಡಿದೆ. ಎಲ್ಲ ಸಪ್ಪೆ.

“ಏ ತಂಗಿ, ತಿನ್ನೂ ಹೊತ್ತೇನ ಇದು?” ಎಂದು ಮುದುಕಿ ಗದರಿದಳು. “ಆ ಮೂಲಿ ಹಗುರ ಮಾಡು.”

“ನೀವ್ಯಾರ್ರೀ ಅಜ್ಜಿ? ಕಾಶವ್ವನ ಬಳಗದವ್ರೇನು?”

“ನಾ ತಿಪ್ಪವ್ವ. ಈಕಿ ಬಸ್ಸಿನ್ಯಾಗಿಂದ ಇಳಿಸಿದ್ಲಲ್ಲ, ಅದ ಮುದುಕಿ.”

ಮೊರ ಹಿಡಿದ ಕೈ ಅಲ್ಲೇ ನಿಂತಿತು. ವಿಡಿಯೊದಲ್ಲಿ ಮುಖ ಸರಿಯಾಗಿ ಕಂಡಿರಲಿಲ್ಲ. “ಮತ್ತ ನೀವು ಇಲ್ಲಿ...”

“ನನ್ನ ಕೋಳಿ ಬುಟ್ಟಿಯಿಂದ ಹಾರಿ ಒಬ್ಬಾಕಿ ಕೂಸಿನ ಮ್ಯಾಲ ಹೊಲಸು ಮಾಡ್ತು. ಈಕಿಗೆ ಹಿಂದಿನ ದಿನಾನ ಗಂಡ ಬಿದ್ದು ಕಾಲ್ ಮುರಕೊಂಡಿದ್ದ, ತಲಿ ಸಮಾ ಇರಲಿಲ್ಲ. ಇಳಿಸಿಬಿಟ್ಲು. ನನಗೂ ಸಿಟ್ಟ್ ಬಂತು. ಬರಲಾರದ ಇರ್ತೈತೇನು? ಒಂದ್ ಹರದಾರಿ ನಡದೀನಿ. ಮರುದಿನ ಅದ ಬಸ್ಸ್ ಹತ್ತಿ, ನಿಂದರಿಸಿ, ಎಲ್ಲಾರ ಮುಂದ ಈಕಿನ್ನ ಬೈದೆ. ಏನೇನ್ ಬರತಾವ ಎಲ್ಲಾ ಬೈದೆ. ತಪ್ಪಾತಬೇ ಅಂದ್ಲು, ಅತ್ಲು. ಇಬ್ರೂ ಚಾ ಕುಡದ್ವಿ. ಅಲ್ಲಿಗೆ ಮುಗದೈತಿ. ಅದಾಗಿ ಐದ ದಿನ ಆತು.” ಕಸಬರಿಗೆಯನ್ನು ನೆಲಕ್ಕೆ ಕುಟ್ಟಿದಳು. “ನನ್ನ ಸಿಟ್ಟು ನಾ ಉಗುಳಿ ಬಂದೀನಿ. ಈ ಊರ ಮಂದಿಗೆ ಎಲ್ಲಿಂದ ಬಂತವಾ ಇಷ್ಟು?”

ಎಲ್ಲಿಂದ ಬಂತು? ನಾನು ನಿನ್ನೆಯದನ್ನು ನೆನೆದೆ. ಎದೆ ಹೊಡೆದುಕೊಂಡಿತ್ತು, ಕಿವಿ ಬಿಸಿಯಾಗಿತ್ತು, ಕೈ ಚುರುಕಾಗಿತ್ತು, ಸಾಲು ಹಿಡಿತಕ್ಕೆ ಸಿಕ್ಕಾಗ ಒಬ್ಬಳೇ ನಕ್ಕಿದ್ದೆ. ಆಮೇಲೆ ಎರಡು ರೊಟ್ಟಿ. ಮುರಿಗೆಪ್ಪ ಸರಿಯಾಗಿಯೇ ಕೇಳಿದ್ದ. ಅದು ಖುಷಿ. ನನಗೆ ಈ ಮುದುಕಿಯ ಹೆಸರೂ ಗೊತ್ತಿರಲಿಲ್ಲ.

ಕೆಳಗೆ ಏನೋ ಪಟಕ್ಕೆಂದಿತು. ಈರಣ್ಣ ಕೂಗಿದ: “ಕಾಶೀ, ಒಂದ್ ಜಂತಿ ಬಿಟ್ತು!” ಕಾಶವ್ವ ಸಲಿಕೆಯನ್ನು ಇನ್ನೂ ಜೋರಾಗಿ ಬೀಸಿದಳು. ನಾನು ಮೊಬೈಲು ತೆಗೆದೆ. ‘ದಯವಿಟ್ಟು ನಿಲ್ಲಿಸಿ. ಮಾಳಿಗೆ ಕುಸಿಯುತ್ತಿದೆ. ಒಳಗೆ ಕಾಲು ಮುರಿದ ಮನುಷ್ಯ ಇದ್ದಾನೆ. ತಿಪ್ಪವ್ವನೇ ಕ್ಷಮಿಸಿದ್ದಾಳೆ.’ ಕಳಿಸಿದೆ. ಉತ್ತರ ಬರಲು ತಡವಾಗಲಿಲ್ಲ. ‘ಇದೆಲ್ಲ ಕಾಶವ್ವನ ನಾಟಕ.’ ‘ಮುದುಕಿಯನ್ನು ಹೆದರಿಸಿ ಬಾಯಿ ಮುಚ್ಚಿಸಿದ್ದಾಳೆ.’ ‘ಕಾಲು ಮುರಿದವನನ್ನು ಅಂಥ ಮನೆಯಲ್ಲಿ ಮಲಗಿಸಿದವಳು ಎಂಥ ಹೆಂಡತಿ?’ ಮೊದಲು ಬೊಗಸೆಯಾಗಿ ಬೀಳುತ್ತಿದ್ದದ್ದು ಈಗ ಬುಟ್ಟಿ ಬುಟ್ಟಿಯಾಗಿ ಸುರಿಯಿತು. ಕರುಣೆಯ ಮಾತಿಗೆ ಇವರು ನಿಲ್ಲುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಇವರನ್ನು ಇಷ್ಟು ದಿನ ಕರೆದುಕೊಂಡು ಬಂದವಳೇ ನಾನು. ಇವರಿಗೆ ಬೇಕಾದದ್ದು ಇನ್ನೊಂದು ಮಾಳಿಗೆ.

ಮುರಿಗೆಪ್ಪನಿಗೆ ಫೋನು ಹಚ್ಚಿದೆ.

“ರೀ, ಗಿರಣಿಯೊಳಗ ಯಾರದಾರ?”

“ನಾ ಒಬ್ಬನ ಅದೀನಿ. ಯಾಕ?”

“ನಮ್ಮ ಸ್ಲ್ಯಾಬು ಗಟ್ಟಿ ಐತೇನು?”

“ಮ್ಯಾಲ ಇನ್ನೊಂದು ಮಷಿನ್ ಇಡಾಕಂತ ಹಾಕ್ಸಿದ್ದಲ್ಲ. ಆನಿ ನಿಂತರೂ ಏನಾಗೂದಿಲ್ಲ. ಯಾಕಬೇ, ಏನಾತು?”

“ಮಷಿನ್ ಬಂದ್ ಮಾಡಿ ಹೊರಗ ಬಂದು ನಿಂದರ್ರಿ. ಏನರ ಬಿದ್ರ ಗಾಬರಿ ಆಗಬ್ಯಾಡ್ರಿ.”

ಆಮೇಲೆ ಗಿರಣಿಯ ಹೆಸರನ್ನೇ ಮುಂದಿಟ್ಟು ಬರೆದೆ. ಜೀವನದಲ್ಲಿ ಅಷ್ಟು ವೇಗವಾಗಿ ಬರೆದಿರಲಿಲ್ಲ. ‘ಗಿರಣಿ ಇಂದುಮತಿ ಹೇಳುತ್ತಿದ್ದೇನೆ. ಕಾಶವ್ವ ಮಾಡಿದ್ದು ನೂರಕ್ಕೆ ನೂರು ಸರಿ. ನಾನಾಗಿದ್ದರೆ ಕೋಳಿಯನ್ನು ಕೂರಿಸಿಕೊಂಡು ನಿಮ್ಮನ್ನೆಲ್ಲ ಇಳಿಸುತ್ತಿದ್ದೆ.’ ಹತ್ತಿಪ್ಪತ್ತು ಜನ ನನ್ನ ಕಡೆ ತಿರುಗಿದರು. ಸಾಲದು! ಜಂತೆ ಮತ್ತೊಮ್ಮೆ ಪಟಕ್ಕೆಂದಿತು. ನಮ್ಮೂರಿನವರಿಗೆ ಪ್ರಾಣಕ್ಕಿಂತ ಹೆಚ್ಚು ಯಾವುದು? ತಲೆ ಗಿರ್ರೆಂದು ತಿರುಗಿತು, ತಿರುಗಿ ಸಿಕ್ಕಿತು. ಬರೆದೆ: ‘ಇನ್ನೊಂದು ಮಾತು. ನಮ್ಮೂರ ಗಿರ್ಮಿಟ್ಟು ತಿನ್ನಲು ಬರುವುದಿಲ್ಲ. ಹೊಳೆಯಾಚೆಯ ಊರಿನದೇ ಗಿರ್ಮಿಟ್ಟು. ನಮ್ಮದು ಒದ್ದೆ ಚುರುಮುರಿ.’

ಮೂರು ಉಸಿರು ಕಳೆದಿರಬೇಕು. ಕಾಶವ್ವನ ಮಾಳಿಗೆಯ ಮೇಲೆ ಬೀಳುತ್ತಿದ್ದ ಕಾಯಿ ನಿಂತೇಹೋಯಿತು. ಒಂದೇ ಒಂದು ಕಾಯಿ ಕೊನೆಗೆ ತಿಪ್ಪವ್ವನ ಹೆಗಲ ಮೇಲೆ ಬಿದ್ದು ಜಾರಿತು. ಎಂಥ ನಿಶ್ಶಬ್ದ! ಆಗ ಬಸ್ ನಿಲ್ದಾಣದ ದಿಕ್ಕಿನಲ್ಲಿ, ನಮ್ಮ ಗಿರಣಿಯ ನೇರಕ್ಕೆ, ಆಕಾಶದಿಂದ ಕೆಂಪನೆಯ ಕಂಬವೊಂದು ಇಳಿಯತೊಡಗಿತು. ಆ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು. ನನಗೆ ನಗು ಬಂತು, ಅಳುವೂ ಬಂತು. ರಾಶಿಯ ಮೇಲೇ ಕೂತುಬಿಟ್ಟೆ.

“ಕೂಡಬ್ಯಾಡ, ಭಾರ ಆಗ್ತೈತಿ” ಅಂದಳು ಕಾಶವ್ವ. ಆ ದಿನ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು. ಎದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಮಾಳಿಗೆ ಬರಿದಾಯಿತು. ಕೆಳಗೆ ಎರಡು ಬಿದಿರುಗಳ ಊರುಗೋಲು ಕೊಟ್ಟು ಮುರಿದ ಜಂತೆಯನ್ನು ಎತ್ತಿ ನಿಲ್ಲಿಸಿದೆವು. ಈರಣ್ಣನ ಮುಖದ ಮಣ್ಣನ್ನು ತಿಪ್ಪವ್ವ ಒದ್ದೆ ಬಟ್ಟೆಯಿಂದ ಒರೆಸಿದಳು. ಕಾಶವ್ವ ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹೋದಳು. ಆ ಮೊದಲ ಸಾಲು ಯಾರದೆಂದು ಅವಳಿಗೆ ಗೊತ್ತಿತ್ತು.

ನಾಲ್ಕು ದಿನ ನಮ್ಮ ಗಿರಣಿಯ ಮೇಲೆ ಬಿತ್ತು. ಸ್ಲ್ಯಾಬು ಅಲುಗಲಿಲ್ಲ. ಅಂಗಡಿಯವರು ನನ್ನ ಮುಖ ನೋಡದೆ ಸಾಮಾನು ಕೊಟ್ಟರು, ಎಂದೂ ಗಿರ್ಮಿಟ್ಟು ಮುಟ್ಟದ ಡ್ರಿಲ್ ಮಾಸ್ತರು ಅದರ ಮಾನ ಕಾಯಲು ಹನ್ನೆರಡು ಸಂದೇಶ ಬರೆದರು. ಮುರಿಗೆಪ್ಪ ಕೊಡೆ ಹಿಡಿದುಕೊಂಡು ಗಿರಣಿಗೆ ಹೋಗಿಬಂದ. ಏನೂ ಕೇಳಲಿಲ್ಲ. ಒಮ್ಮೆ ಮಾತ್ರ, “ನನಗೂ ಆ ಕಡೀ ಊರಿನ ಗಿರ್ಮಿಟ್ಟ ಸೇರತೈತಿ, ಯಾರ ಮುಂದೂ ಹೇಳಬ್ಯಾಡ” ಎಂದ. ಐದನೆಯ ದಿನ ಯಾರೋ ಮದುವೆಯಲ್ಲಿ ಚಪ್ಪಲಿ ಹಾಕಿಕೊಂಡು ಊಟಕ್ಕೆ ಕೂತ ಫೋಟೊ ಬಂತು. ಊರು ಅತ್ತ ಹೋಯಿತು.

ನಾನು ಕಾಶವ್ವನಿಗೆ ತಪ್ಪೊಪ್ಪಿಗೆ ಬರೆಯಲು ಕೂತೆ. ಗ್ರೂಪಿನಲ್ಲಿ ಅವಳ ಮಾನ ತೆಗೆದದ್ದು, ಗ್ರೂಪಿನಲ್ಲೇ ಕೇಳಿಕೊಳ್ಳಬೇಕು ಅನಿಸಿತು. ಮೊದಲ ಸಾಲು ಚೆನ್ನಾಗಿ ಬಂತು. ಎರಡನೆಯದು ಅದಕ್ಕಿಂತ ಚೆನ್ನಾಗಿ ಬಂತು. ಮೂರನೆಯದನ್ನು ತಿದ್ದುತ್ತಿರುವಾಗ ಎದೆ ಅದೇ ರೀತಿ ಹೊಡೆದುಕೊಳ್ಳತೊಡಗಿತು, ಎಷ್ಟು ಜನ ಹೆಬ್ಬೆರಳು ಎತ್ತಬಹುದು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಹೆದರಿ ಅಳಿಸಿಬಿಟ್ಟೆ. ಮೊಬೈಲನ್ನು ಗಂಡನ ಕೈಗೆ ಕೊಟ್ಟು ಬಸ್ ನಿಲ್ದಾಣಕ್ಕೆ ನಡೆದೆ.

ಕಾಶವ್ವನ ಬಸ್ಸು ಹೊರಡಲು ಸಿದ್ಧವಾಗಿತ್ತು. ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಅವಳು ಟಿಕೆಟ್ ಹರಿಯುತ್ತ ಬಂದು ನನ್ನ ಮುಂದೆ ನಿಂತಳು.

“ಎಲ್ಲಿಗೆ?”

“ಸಂತಿಪ್ಯಾಟಿಗೆ. ಕಾಶಕ್ಕಾ, ನಾ ಮಾಡಿದ್ದು ತಪ್ಪು. ಬೈಯಿರಿ ನನ್ನ.”

“ಬೈಯಿರಿ ಅಂದ್ರ ಬೈಯಾಕ ನಾ ನಿನ್ನ ಗ್ರೂಪಿನಾಕಿ ಅಂದ್ಕೊಂಡೀಯೇನು?” ಎಂದು ಟಿಕೆಟ್ ಕೊಟ್ಟು ಹಿಂದಕ್ಕೆ ಹೋದಳು. ಎರಡು ಸೀಟು ದಾಟಿ ನಿಂತಳು. ತಿರುಗಿ ಬಂದಳು. “ಹನ್ನೆರಡ ವರ್ಷ ಆತು ಈ ಬಸ್ಸಿನ್ಯಾಗ. ದಿನಾ ನಿನ್ನ ಗಿರಣಿ ಮುಂದ ಹಾದು ಹೋಗ್ತೀನಿ. ಬಸರಿ ಇದ್ದಾಗ ದವಾಖಾನಿಗೆ ಹೊಂಟಾಗ ಸೀಟ್ ಬಿಡಿಸಿ ನಿನ್ನ ಕೂಡಿಸಿದಾಕಿ ಯಾರು? ನಾ ಯಾರಂತ ಗೊತ್ತಿರಲಿಲ್ಲೇನು ನಿನಗ? ಹಾದಿಗೆ ಬಂದು ಕೈ ಅಡ್ಡ ಹಿಡದು, ಯಾಕ ಹಿಂಗ್ ಮಾಡಿದಿ ಕಾಶವ್ವಾ ಅಂತ ಒಂದ್ ಮಾತು ಕೇಳಬಾರದಾಗಿತ್ತೇನು?”

ನಾನು ತಲೆ ಎತ್ತಿ ಅವಳ ಮುಖವನ್ನೇ ನೋಡಿದೆ. ತಗ್ಗಿಸಬೇಕೆನಿಸಿತು, ತಗ್ಗಿಸಲಿಲ್ಲ. ನನ್ನ ಕಿವಿ, ಗಂಟಲು, ಕಣ್ಣು ಎಲ್ಲ ಒಮ್ಮೆಲೇ ಉರಿಯತೊಡಗಿದವು. ಅವಳು ಒಂದೊಂದಾಗಿ ಹೇಳಿದಳು. ಆ ಸೋಮವಾರ ರಾತ್ರಿಯಿಡೀ ಈರಣ್ಣ ತೊಲೆ ನೋಡುತ್ತ ನಿದ್ದೆ ಮಾಡದ್ದು, ಅವಳ ಅಕ್ಕ ಫೋನು ಮಾಡಿ ನಾಚಿಕೆಯಾಗುತ್ತದೆ ಎಂದದ್ದು, ಡಿಪೋದಲ್ಲಿ ಜೊತೆಯವರು ಊಟದ ಡಬ್ಬಿ ಎತ್ತಿಕೊಂಡು ದೂರ ಹೋಗಿ ಕೂತದ್ದು. ಇಳಿಯುವವರು ಬಂದಾಗ ನಿಲ್ಲಿಸಿ ಸೀಟಿ ಊದುತ್ತಿದ್ದಳು, ಹತ್ತುವವರಿಗೆ ಟಿಕೆಟ್ ಕೊಡುತ್ತಿದ್ದಳು, ತಿರುಗಿ ಬಂದು ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು. ಒಂದು ಮಾತೂ ಚೆಂದವಾಗಿರಲಿಲ್ಲ. ಕೆಲವು ಎರಡೆರಡು ಸಲ ಬಂದವು.

ಬಸ್ಸು ನಿಂತಿತು. ಅವಳು ಕಣ್ಣೊರೆಸಿಕೊಂಡು ಬಾಗಿಲ ಕಡೆ ತೋರಿಸಿದಳು. “ಸಂತಿಪ್ಯಾಟಿ ಬಂತು. ಇಳಿ.”

“ನಿಂದಿನ್ನೂ ಮುಗದಿಲ್ಲಲ್ಲಕ್ಕಾ” ಅಂದೆ.

ಕಾಶವ್ವ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬಾಗಿಲು ಎಳೆದು ಹಾಕಿ, “ರೈಟ್” ಎಂದು ಕೂಗಿ, ನನ್ನ ಪಕ್ಕದಲ್ಲಿದ್ದ ಚೀಲವನ್ನು ಕೆಳಗಿಟ್ಟು ಅಲ್ಲೇ ಕೂತಳು.

“ಕೇಳು ಮತ್ತ” ಅಂದಳು.